ತಾಳ್ಮೆಯೋ, ಗುಲಾಮಗಿರಿಯೋ?

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಬಡಿಸಿದವರು ಯಾರು, ಮಾತನ್ನು ನುಂಗಿಕೊಂಡು ಮಲಗಿದವರು ಯಾರು ಎಂದು ಆ ಗಾದೆ ಕೇಳುವುದಿಲ್ಲ. ನಾವು ಕೇಳಬೇಕಾಗಿದೆ.

ಗಿರಣಿಯ ಕೇರಿಗಳಲ್ಲಿ ಎಲ್ಲರೂ ಕಂಡಿರುವ ಸಂಗತಿಯೊಂದಿದೆ. ಸಂಬಳದ ದಿನ ಗಂಡ ಕುಡಿದು ಬರುತ್ತಾನೆ. ಮಾರನೆಯ ದಿನ ಅವನು ಏಳದಿದ್ದರೆ ಹೆಂಡತಿಯೇ ಮೇಸ್ತ್ರಿಯ ಮುಂದೆ ನಿಂತು 'ಜ್ವರ ಬಂದಿದೆ' ಎನ್ನುತ್ತಾಳೆ. ಅಂಗಡಿಯ ಸಾಲವನ್ನು ತಾನೇ ಹೊರುತ್ತಾಳೆ. ಮಕ್ಕಳಿಗೂ ಸುಳ್ಳು ಹೇಳುತ್ತಾಳೆ. ಊರು ಅವಳನ್ನು ಸತಿ ಸಾವಿತ್ರಿಯೆಂದು ಹೊಗಳುತ್ತದೆ. ಆ ಹೊಗಳಿಕೆಯ ನೆರಳಿನಲ್ಲಿ ಅವನ ಕುಡಿತವೂ ಸಾಗುತ್ತದೆ, ಅವಳ ಸವೆತವೂ ಸಾಗುತ್ತದೆ. ಇದನ್ನು ಪ್ರೇಮವೆಂದು ಕರೆಯಲು ನಾವು ಸಿದ್ಧರಿಲ್ಲ.

ವರ್ತಕ ಮಿತ್ರರು ನಗಬೇಕಾಗಿಲ್ಲ. ದಿನವಿಡೀ ಅಂಗಡಿಯಲ್ಲಿ ಕೂರುವ ಹೆಂಡತಿಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡದ ಮನೆಗಳು ಎಷ್ಟಿವೆಯೆಂದು ಅವರೇ ಬಲ್ಲರು.

ಹಾಗೆಂದು ಗಂಡಸು ಸ್ವತಂತ್ರನೇ? ಅಳಬಾರದು, ಒಲೆ ಮುಟ್ಟಬಾರದು ಎಂದು ಬೆಳೆಸಿದ ಹುಡುಗ, ಹೆಂಡತಿ ನಾಲ್ಕು ದಿನ ತವರಿಗೆ ಹೋದರೆ ಅನ್ನಕ್ಕೂ ಗತಿಯಿಲ್ಲದವನಾಗುತ್ತಾನೆ. ಮನಸ್ಸಿನ ದುಃಖ ತೋಡಿಕೊಳ್ಳಲು ಅವನಿಗೆ ಅವಳೊಬ್ಬಳೇ; ಅದೂ ಬೈಗುಳದ ರೂಪದಲ್ಲಿ. ಒಬ್ಬರಿಗೆ ಕೂಲಿಯಿಲ್ಲ, ಇನ್ನೊಬ್ಬರಿಗೆ ಕೆಲಸ ಬಾರದು, ಇಬ್ಬರೂ ಕುಂಟರೇ.

2019ರ ಭಾರತ ಸರ್ಕಾರದ ಕಾಲ ಬಳಕೆಯ ಸಮೀಕ್ಷೆಯನ್ನು ನೋಡಿರಿ. ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರು. ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈ ಹಚ್ಚಿದ ಗಂಡಸರೇ ನೂರಕ್ಕೆ ಸುಮಾರು 26 ಮಂದಿ. ಎಂಟು ಗಂಟೆಯ ದುಡಿತಕ್ಕಾಗಿ ಹೋರಾಡಿದ ಕಾರ್ಮಿಕನ ಮನೆಯೊಳಗೆ ಗಂಟೆಯ ಲೆಕ್ಕವೇ ಇಲ್ಲ!

ಕಾನೂನು ನಮಗಿಂತ ಮುಂದೆ ನಡೆದಿದೆ. ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಹಿಂಸೆಯೆಂದು 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಹೇಳಿತು. ಅದೇ ವರ್ಷ ತಿದ್ದಿದ ಹಿಂದೂ ಉತ್ತರಾಧಿಕಾರ ಕಾಯಿದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂದು ತವರು ಬಾಗಿಲು ಮುಚ್ಚಿದರೆ, ಹೊಡೆತ ತಿಂದವಳು ಎಲ್ಲಿಗೆ ಹೋಗಬೇಕು? ಹೋಗಲು ದಾರಿಯಿಲ್ಲದೆ ಉಳಿದುದನ್ನು ನಿಷ್ಠೆಯೆನ್ನುವುದು ವಂಚನೆ.

ನಾವು ಸಂಸಾರ ಒಡೆಯಿರೆಂದು ಹೇಳುತ್ತಿಲ್ಲ. ಸಂಬಳದ ಲೆಕ್ಕ ಇಬ್ಬರಿಗೂ ತಿಳಿಯಲಿ. ಬೀಗದ ಕೈ ಎರಡಿರಲಿ. ಗಂಡುಮಗ ಅನ್ನ ಬೇಯಿಸಲು ಕಲಿಯಲಿ. ಮಗಳಿಗೆ ತವರಿನ ಬಾಗಿಲು ತೆರೆದಿರಲಿ. ಬಿಟ್ಟು ಹೋಗಬಲ್ಲವಳು ತಾನಾಗಿ ಉಳಿದರೆ ಅದು ಒಲವು. ಮಿಕ್ಕದ್ದು ಬರಿಯ ಜೀತ.