ಮದ್ದಿಗೇಕೆ ಚೀಟಿಯ ಅಡ್ಡಿ?

ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬೀದಿಯಲ್ಲಾದರೂ 21 ವರ್ಷ ತುಂಬಿದವನು ಯಾರ ಅಪ್ಪಣೆಯೂ ಇಲ್ಲದೆ ಸಿಗರೇಟು ಕೊಳ್ಳಬಹುದು. ಆದರೆ ಆ ಚಟ ಬಿಡಲೆಂದು ಔಷಧ ಅಂಗಡಿಗೆ ಹೋಗಿ 4 ಮಿಲಿಗ್ರಾಂ ನಿಕೋಟಿನ್ ಗಮ್ ಕೇಳಿದರೆ ವೈದ್ಯರ ಚೀಟಿ ಬೇಕು. ಚೀಟಿಯಿಲ್ಲದೆ ದೊರೆಯುವುದು 2 ಮಿಲಿಗ್ರಾಂನದು ಮಾತ್ರ. ಈ ವಿಪರ್ಯಾಸವನ್ನು ಕುರಿತು ನಾವು ಯೋಚಿಸಬೇಕಾಗಿದೆ.

ಧೂಮಪಾನಿಯನ್ನು ಕಟ್ಟಿಹಾಕುವುದು ನಿಕೋಟಿನ್. ಆದರೆ ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯಲ್ಲಿನ ಇತರ ವಿಷವಸ್ತುಗಳು. ಹೊಗೆಯಿಲ್ಲದೆ ಅಲ್ಪ ಪ್ರಮಾಣದ ನಿಕೋಟಿನ್ ನೀಡಿ ಹಂಬಲವನ್ನು ತಗ್ಗಿಸುವುದೇ ಗಮ್‌ನ ಕೆಲಸ. ಸುಮಾರು 12 ವಾರಗಳಲ್ಲಿ ಅದನ್ನೂ ಕ್ರಮೇಣ ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೂ ಭಾರತ ಸರಕಾರ 2022ರಲ್ಲಿಯೂ ಇಂಥ ಚಿಕಿತ್ಸೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿವೆ. ಅಮೆರಿಕದಲ್ಲಿ 1996ರಿಂದಲೇ ಎರಡೂ ಪ್ರಮಾಣದ ಗಮ್ ಚೀಟಿಯಿಲ್ಲದೆ ದೊರೆಯುತ್ತಿದೆ.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವನಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂನದೇ ಬೇಕಾಗುತ್ತದೆ. ಅಂದರೆ ಚಟ ಯಾರಲ್ಲಿ ಆಳವಾಗಿ ಬೇರೂರಿದೆಯೋ ಅವನಿಗೇ ಅಡ್ಡಿ ಹೆಚ್ಚು. ಚೀಟಿಗಾಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕಾದ ಕಾರ್ಮಿಕ, ಅದರ ಗೊಡವೆಯೇ ಬೇಡವೆಂದು ಮತ್ತೆ ಬೀಡಿಯನ್ನೇ ಹಚ್ಚಿದರೆ ಆಶ್ಚರ್ಯವಿಲ್ಲ.

ನಿಕೋಟಿನ್ ಕೂಡ ಚಟ ಹಿಡಿಸುವ ವಸ್ತುವೇ. ಪುದೀನದ ರುಚಿಯ ಗಮ್ ಎಳೆಯರ ಕೈ ಸೇರಬಹುದು ಎಂಬ ಆಕ್ಷೇಪವುಂಟು. ಇದು ಅಲ್ಲಗಳೆಯುವ ಮಾತಲ್ಲ. ಆದುದರಿಂದ ಅದು ಪೆಟ್ಟಿಗೆ ಅಂಗಡಿಯಲ್ಲಿ ತೂಗಾಡುವುದು ಬೇಡ. ಔಷಧ ಅಂಗಡಿಯಲ್ಲಿ, ಬಲ್ಲವರ ಕೈಯಿಂದ, ವಯಸ್ಸು ವಿಚಾರಿಸಿಯೇ ಮಾರಾಟವಾಗಲಿ. ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರನ್ನು ಕೇಳಿಯೇ ಬಳಸಲಿ. ಇಷ್ಟು ಎಚ್ಚರಿಕೆಯಿದ್ದರೆ ಚೀಟಿಯ ನಿರ್ಬಂಧವನ್ನು ಸಡಿಲಿಸಬಹುದೆಂಬುದು ನಮ್ಮ ಅಭಿಪ್ರಾಯ.

ಬಿಡಬೇಕೆಂಬ ಮನಸ್ಸಿದ್ದೂ ಬಿಡಲಾಗದವನನ್ನು ದುರ್ಬಲನೆಂದು ಹಳಿಯುವುದು ಸುಲಭ. ಆದರೆ ಇಚ್ಛೆ ಬೇರೆ, ಅದನ್ನು ನಡೆಸುವ ಸಾಮರ್ಥ್ಯ ಬೇರೆ. ಸಂಕಲ್ಪ ಅವನದೇ ಆಗಬೇಕು. ಊರುಗೋಲನ್ನು ನಾವು ಒದಗಿಸಬಹುದು.

ಮನೆಯವರೂ ಈ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಗಮ್ಮನ್ನು ಮಿಠಾಯಿಯಂತೆ ಸತತವಾಗಿ ಜಗಿಯಬಾರದು. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಅದಕ್ಕೆ 15 ನಿಮಿಷ ಮೊದಲೂ ಗಮ್ ಬಾಯಲ್ಲಿರುವಾಗಲೂ ಕಾಫಿ ಕುಡಿಯಬಾರದು. ಜೊತೆಗೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ನಮ್ಮ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು. ಸಿಡುಕು, ನಿದ್ರಾಭಂಗಗಳ ಮೊದಲ ವಾರಗಳಲ್ಲಿ ಬಿಡುತ್ತಿರುವವನಿಗೆ ಹಂಗಿಸದೆ ಜೊತೆ ನಿಲ್ಲುವುದು ಕುಟುಂಬದ ಕರ್ತವ್ಯ; ಅವನ ದಾರಿಯ ಅಡ್ಡಿಗಳನ್ನು ತೆಗೆಯುವುದು ಸರಕಾರದ ಕರ್ತವ್ಯ.