ಚಿನ್ನ ಅಡವಿಡುವ ಮೊದಲು ಒಂದು ಮಾತು



ಎರಡು ವರ್ಷಗಳ ಹಿಂದೆ ನಮ್ಮ ಘಟಕದ ಒಬ್ಬ ಹುಡುಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅವನ ತಾಯಿ ಬಳೆ ಅಡವಿಟ್ಟು ಲ್ಯಾಪ್‌ಟಾಪ್ ತೆಗೆಸಿಕೊಟ್ಟರು. ತೆಳ್ಳಗೆ, ಹಗುರ, ನೋಡಲು ಚಂದ. ಕ್ಯಾಡ್ ಕಲಿಯತೊಡಗಿದಾಗ ಬಣ್ಣ ಬಯಲಾಯಿತು. ಅರ್ಧ ಗಂಟೆಯಲ್ಲಿ ಮೈ ಸುಡುತ್ತದೆ, ಕೆಲಸ ತೆವಳುತ್ತದೆ. 8 ಜಿಬಿ ರ‍್ಯಾಮ್ ಹೆಚ್ಚಿಸೋಣವೆಂದರೆ ಅದು ಮದರ್‌ಬೋರ್ಡಿಗೇ ಬೆಸೆದದ್ದು. ಬಳೆ ಇನ್ನೂ ಬಿಡಿಸಿ ಆಗಿಲ್ಲ. ಅಂದು ಅವನು ಸಲಹೆ ಕೇಳಿದಾಗ “ಐ5 ಇದ್ದರೆ ಸಾಕು” ಎಂದವರು ನಾವೇ.

ಐ5 ಎಂಬ ಹೆಸರೊಂದನ್ನೇ ನೋಡಿದರೆ ಸಾಲದು. ಇಂಟೆಲ್‌ನ ಹಲವು ತಲೆಮಾರುಗಳಲ್ಲಿ ಸಂಖ್ಯೆಯ ಕೊನೆಗೆ ‘ಯು’ ಇದ್ದರೆ ಸುಮಾರು 15 ವಾಟ್, ‘ಎಚ್’ ಇದ್ದರೆ 45 ವಾಟ್ ವರ್ಗ. ಬರವಣಿಗೆಗೆ, ಆನ್‌ಲೈನ್ ತರಗತಿಗೆ ಯು ಧಾರಾಳ. ಕ್ಯಾಡ್, ವಿಡಿಯೋ ಎಡಿಟಿಂಗ್‌ಗೆ ಎಚ್ ಒಳ್ಳೆಯದು. ಅದರ ಬಿಸಿ ಹೊರಹೋಗಲು ಸ್ವಲ್ಪ ದಪ್ಪ ಮೈಯೂ ಬೇಕು. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಇದನ್ನು ಮರೆಯಬಾರದು. ರ‍್ಯಾಮ್ 16 ಜಿಬಿ ಇರಲಿ, ಮುಂದೆ ಹೆಚ್ಚಿಸುವಂತಿರಲಿ.

ಹೊಸದೇ ಆಗಬೇಕೆಂಬ ಹಠ ಬೇಡ ಎಂಬುದು ನಮ್ಮ ಅಭಿಪ್ರಾಯ. ಥಿಂಕ್‌ಪ್ಯಾಡ್ ಪಿ, ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್ ಭಾರದ ಕೆಲಸಕ್ಕೆಂದೇ ತಯಾರಾದವು. ಅವುಗಳನ್ನು ಬಿಚ್ಚಿ ರಿಪೇರಿ ಮಾಡುವ ಕೈಪಿಡಿಗಳನ್ನು ಕಂಪನಿಗಳೇ ಉಚಿತವಾಗಿ ಕೊಡುತ್ತವೆ. ಕಚೇರಿಗಳು ಬಳಸಿಬಿಟ್ಟ ಇಂಥವು ಕಡಿಮೆ ಬೆಲೆಗೆ ಸಿಗುತ್ತವೆ.

“ಹಳೆಯದನ್ನು ನಂಬುವುದು ಹೇಗೆ?” ಎಂದು ಮನೆಯವರು ಕೇಳುವುದು ನ್ಯಾಯವೇ. ಬಿಲ್ಲು, ಲಿಖಿತ ವಾರಂಟಿ ಇಲ್ಲದೆ ಕೊಳ್ಳಬೇಡಿ. ನಿಮ್ಮ ಕೆಲಸದ ಸಾಫ್ಟ್‌ವೇರನ್ನೇ ಅಂಗಡಿಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನದನ್ನೇ ಹುಡುಕಿ. ಕೆಟ್ಟರೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸರಿಮಾಡಿಸಲು ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ತುಲಾ ಮಾಸದ ಗುಡುಗು ಮಿಂಚಿಗೆ ಚಾರ್ಜರ್ ಕಳಚಿಡಿ.

ಮನೆಯ ಚಿನ್ನ ಹೋಗುವಲ್ಲಿ ಅರ್ಧ ಮಾತಿನ ಸಲಹೆ ಕೊಡುವುದು ತಪ್ಪೆಂದು ನಾವು ಕಲಿತೆವು. ಲ್ಯಾಪ್‌ಟಾಪ್ ಕೊಳ್ಳುವವರು ಆದಿತ್ಯವಾರ ಪೂಜೆಯ ನಂತರ ನಮ್ಮಲ್ಲಿ ಹೇಳಿ. ಈ ಸಲ ಅಂಗಡಿಯ ತನಕ ಜೊತೆಗೆ ಬರುತ್ತೇವೆ.