ಬೆಳೆದವರೂ ರುಚಿ ನೋಡಲಿ

ಗ್ರಂಥಕರ್ತರ ಭಾಷಣ ಮುಗಿದ ಮೇಲೆ ಅವಲಕ್ಕಿ, ಕಾಫಿ ಕೊಟ್ಟು ಸಭಿಕರನ್ನು ಬೀಳ್ಕೊಡುವುದು ನಮ್ಮ ಕಡೆಯ ವಾಡಿಕೆ. ಪೇಟೆಗಳಲ್ಲಿ ಈಗ ಇನ್ನೊಂದು ಕ್ರಮ ಬಂದಿದೆ. ಭಾಷಣದ ತರುವಾಯ ಬಗೆಬಗೆಯ ಚಾಕಲೇಟಿನ ಚೂರುಗಳನ್ನಿಟ್ಟು ರುಚಿ ನೋಡಿಸುತ್ತಾರೆ. ಅಂಥದೊಂದು ಸಭೆಗೆ ನಾವೂ ಹೋಗಿದ್ದೆವು. ಸಭಿಕರು ಗ್ರಂಥಕರ್ತರನ್ನು ಪ್ರಶ್ನೆಗಳಿಂದ ಮುತ್ತಿದರು. ತಟ್ಟೆಯಲ್ಲಿದ್ದುದನ್ನು ಬೆಳೆದವರು ಯಾರೆಂದು ಕೇಳಿದವರಿಲ್ಲ. ಇದು ಉಳ್ಳವರ ವಿನೋದವೆಂದು ಯಾರಾದರೂ ತಳ್ಳಿಹಾಕಲಿ, ಕಾಸರಗೋಡು ಸೀಮೆಯ ತೋಟಗಾರರು ತಳ್ಳಿಹಾಕಬಾರದೆಂಬುದು ನಮ್ಮ ಮತ.

ಚಾಕಲೇಟಿನ ಮೂಲವಾದ ಕೊಕ್ಕೋ ನಮ್ಮ ಅಡಿಕೆ ಮರಗಳ ನೆರಳಿನಲ್ಲೇ ಬೆಳೆಯುತ್ತದೆ. ಕಾಯಿ ಒಡೆದು ಹಸಿಬೀಜವನ್ನು ತೂಕಕ್ಕೆ ಹಾಕಿದರೆ ನಮ್ಮ ಕೆಲಸ ತೀರಿತೆಂದು ನಾವು ತಿಳಿದಿದ್ದೇವೆ. ಆದರೆ ರುಚಿ ಹುಟ್ಟುವುದು ಆ ಬಳಿಕವೇ. ಹಸಿಬೀಜವನ್ನು ಬಾಳೆ ಎಲೆಯ ಮೇಲೆ ರಾಶಿ ಹಾಕಿ, ಮುಚ್ಚಿ, ಸುಮಾರು 6 ದಿನ ಹುದುಗಲು ಬಿಡಬೇಕು. ನಡುವೆ ಎರಡು ಬಾರಿ ಮಗುಚಬೇಕು. ರಾಶಿಯ ಒಳಗೆ ಬಿಸಿ 45 ಡಿಗ್ರಿ ಸೆಲ್ಸಿಯಸಿಗೂ ಮೇಲೇರುತ್ತದೆ. ಬಳಿಕ ತೇವ ಶೇಕಡ 7ರಷ್ಟಕ್ಕೆ ಇಳಿಯುವ ತನಕ ಒಣಗಿಸಬೇಕು. ಚೆನ್ನಾಗಿ ಹುದುಗಿದ ಬೀಜವನ್ನು ಸೀಳಿದರೆ ಒಳಗೆ ಕಂದುಬಣ್ಣ. ಹುದುಗದಿದ್ದರೆ ಬೂದು ಅಥವಾ ನೇರಳೆ, ಬಾಯಿಗೆ ಕಹಿ, ಒಗರು. ಮಳೆಗಾಲದಲ್ಲಿ ಒಲೆಯ ಹೊಗೆಗೆ ಒಡ್ಡಿದ ಬೀಜದಲ್ಲಿ ಹೊಗೆವಾಸನೆ ಉಳಿಯುತ್ತದೆ. ಚಾಲಿ ಅಡಿಕೆಯನ್ನು ಒಡೆದು ಗುಣ ಹೇಳಬಲ್ಲ ನಮಗೆ ಈ ವಿದ್ಯೆ ಕಷ್ಟದ್ದಲ್ಲ.

ಧಾರಣೆಯನ್ನು ಮಾತ್ರ ನಂಬಿದರೆ ಏನಾಗುವುದೆಂಬುದನ್ನು ಹಿರಿಯರು ಬಲ್ಲರು. 1980ರ ಸುಮಾರಿಗೆ ಬೆಲೆ ಕುಸಿದು, ಕೊಳ್ಳುವವರು ಹಿಂದೆಗೆದಾಗ, ಎಷ್ಟೋ ತೋಟಗಳಲ್ಲಿ ಗಿಡಗಳಿಗೆ ಕೊಡಲಿ ಬಿತ್ತು. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೋ ಆಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ತೆರೆಯಿತು. 2024ರಲ್ಲಿ ಲೋಕದ ಪೇಟೆಯಲ್ಲಿ ಟನ್ನಿನ ಬೆಲೆ 10,000 ಡಾಲರನ್ನೂ ಮೀರಿ, ಮುಂದಿನ ವರ್ಷ ಇಳಿಯಿತು. ಈ ಏರಿಳಿತ ನಮ್ಮ ಕೈಯಲ್ಲಿಲ್ಲ. ಬೀಜದ ಗುಣ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಹಸಿಬೀಜ ಮಾರುವವನಿಗೆ ರುಚಿಯ ಗೊಡವೆ ಏಕೆ ಎಂದು ಕೇಳಬಹುದು. ರುಚಿ ನೋಡಿದ ಮಾತ್ರಕ್ಕೆ ಬೆಲೆ ಏರದೆಂಬುದು ನಿಜ. ಆದರೆ ಗುಣವರಿಯದವನು ಗುಣಕ್ಕೆ ತಕ್ಕ ಬೆಲೆ ಕೇಳಲಾರ. ಸಣ್ಣ ರಾಶಿ ಸಾಕಷ್ಟು ಬಿಸಿಯೇರದ ಕಾರಣ ನಾಲ್ಕಾರು ಮನೆಯವರು ಕೂಡಿಯೇ ಹುದುಗಿಸಬೇಕು. ಒಣಬೀಜ ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ನಮ್ಮ ಹಳ್ಳಿಗಳ ಗ್ರಂಥಾಲಯಗಳು ಇದಕ್ಕೆ ಮೊದಲಡಿ ಇಡಲಿ. ಬೇಸಾಯದ ವಿಷಯ ಬರೆದವರನ್ನು ಕರೆಸಿ ಮಾತಾಡಿಸಲಿ; ಭಾಷಣ ಮುಗಿದ ಮೇಲೆ, ಹುದುಗಿಸಿದ್ದು, ಹುದುಗಿಸದ್ದು, ಹೊಗೆ ಹಿಡಿದದ್ದು ಎಂದು ಮೂರು ಬಗೆಯ ಬೀಜಗಳನ್ನು ಹುರಿದು ತಟ್ಟೆಯಲ್ಲಿಡಲಿ, ಪಕ್ಕದಲ್ಲಿ ಒಂದು ಚೂರು ಚಾಕಲೇಟೂ ಇರಲಿ. ಇದಕ್ಕೆ ತಗಲುವ ಖರ್ಚು ಅವಲಕ್ಕಿ, ಕಾಫಿಯ ಖರ್ಚಿಗಿಂತ ಬಹಳ ಹೆಚ್ಚಾಗಲಾರದು.